ವನ್ಯಜೀವಿ ಸಹಾಯವಾಣಿ: ಐದಕ್ಕೆ ನಾಲ್ಕು ಸ್ಟಾರ್

ಬೆಕ್ಕಿನ ಬಾಯಿಂದ ಒಂದು ಬೆಳವವನ್ನು ಬಿಡಿಸಿದೆ. ನೆಲದ ತುಂಬ ಪುಕ್ಕ, ಆದರೆ ರಕ್ತ ಒಂದು ಹನಿಯೂ ಇಲ್ಲ. ಏನು ಮಾಡೋದು ಗೊತ್ತಾಗದೆ ವನ್ಯಜೀವಿ ರಕ್ಷಣಾ ಕೇಂದ್ರದ ಸಹಾಯವಾಣಿಗೆ ಫೋನ್ ಮಾಡಿದೆ.

ಮೊದಲು ನನ್ನ ಬೈಗುಳ ಅವರಿಗೆ. 15 ನಿಮಿಷ ಬರೀ ಸಂಗೀತ ಕೇಳಿಸಿದರು. ಅಷ್ಟರಲ್ಲಿ ನಾನು ಹಕ್ಕಿಯ ಕೊಕ್ಕು ಬಿಡಿಸಿ ಚಮಚದಲ್ಲಿ ನೀರು ಹಾಕಲು ಹೊರಟಿದ್ದೆ. ಫೋನ್ ಎತ್ತಿದ ಮೇಡಂ ಕೇಳಿದ ಮೊದಲ ಪ್ರಶ್ನೆಯೇ "ನೀರು ಕುಡಿಸಿದ್ರಾ?" ಅಂತ! ಹಕ್ಕಿಗಳ ಉಸಿರಿನ ದಾರಿ ನಾಲಿಗೆಯ ಹಿಂದೆಯೇ ತೆರೆದುಕೊಳ್ಳುತ್ತದಂತೆ, ಬಲವಂತವಾಗಿ ಸುರಿದ ನೀರು ಸೀದಾ ಶ್ವಾಸಕೋಶಕ್ಕೆ ಹೋಗಬಹುದು. ಈ ಒಂದು ಮಾತನ್ನು ಆ ಸಂಗೀತದ ಬದಲು ರೆಕಾರ್ಡ್ ಮಾಡಿ ಹಾಕಬಾರದಾ?

ಆಮೇಲೆ ಮಾತ್ರ ಒಳ್ಳೆ ಸೇವೆ. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಮೆತ್ತನೆ ಬಟ್ಟೆ ಹಾಸಿ, ಹಕ್ಕಿ ಇಟ್ಟು ಮುಚ್ಚಿ ಅಂದರು. ಎಳೆ ಎದ್ದ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ, ಬೆಚ್ಚಗೆ, ಸದ್ದಿಲ್ಲದ ಕಡೆ ಇಡಬೇಕು. "ತೆಗೆದು ತೆಗೆದು ನೋಡಬೇಡಿ, ಅದರ ಪಾಲಿಗೆ ನೀವೂ ಒಂದು ಬೆಕ್ಕೇ" ಅಂದರು. ಇದೇ ಬಾವಲಿಯೋ ನರಿಯೋ ಆಗಿದ್ದರೆ ಮುಟ್ಟಲೇಬಾರದಂತೆ. ಕಚ್ಚಿದರೆ ರೇಬೀಸ್ ಭಯ, ದೂರ ನಿಂತೇ ಫೋನ್ ಮಾಡಬೇಕು.

ಗಾಯ ಕಾಣ್ತಿಲ್ಲ, ಸುಮ್ನೆ ಹಾರಿಸಿಬಿಡ್ಲಾ ಅಂತ ಕೇಳಿದೆ. ಅಲ್ಲಿ ಅವರ ದನಿ ಗಟ್ಟಿಯಾಯಿತು. ಬೆಕ್ಕಿನ ಹಲ್ಲು ಸೂಜಿಯಂತೆ ಇಳಿಯುತ್ತದೆ, ಮೇಲೆ ತೂತು ಕಾಣುವುದಿಲ್ಲ, ಆದರೆ ಎಂಜಲಿನ ಬ್ಯಾಕ್ಟೀರಿಯಾ ಒಳಗೇ ಉಳಿದು ಒಂದೆರಡು ದಿನದಲ್ಲಿ ಹಕ್ಕಿಯನ್ನು ಕೊಲ್ಲಬಹುದು. ಆ್ಯಂಟಿಬಯಾಟಿಕ್ ಅವತ್ತೇ ಶುರುವಾಗಬೇಕು. ಕೇಂದ್ರದಲ್ಲಿ ಡಾಕ್ಟರು ರೆಕ್ಕೆಯ ಕೆಳಗೆ ಪುಕ್ಕ ಸರಿಸಿ ತೋರಿಸಿದಾಗ ಎರಡು ಚುಕ್ಕೆ ಇದ್ದವು, ನಾನಾಗಿ ಹುಡುಕಿದ್ದರೆ ಖಂಡಿತ ಕಾಣುತ್ತಿರಲಿಲ್ಲ. (ಬೆಕ್ಕು ನಮ್ಮದೇ. ಅದಕ್ಕೂ ಬೈಸಿಕೊಂಡೆ.)

ಒಂದು ಸ್ಟಾರ್ ಕಳೆದಿದ್ದು ಕಾಯಿಸಿದ್ದಕ್ಕೆ. ಬಂದು ಒಯ್ಯುವ ವ್ಯವಸ್ಥೆಯೂ ಇಲ್ಲ, ಡಬ್ಬ ಹಿಡಿದು ನಾವೇ ಹೋಗಬೇಕು. ಹಕ್ಕಿ ಸಿಕ್ಕ ಜಾಗವನ್ನು ಸರಿಯಾಗಿ ಬರೆಸಿಕೊಳ್ಳುತ್ತಾರೆ, ಚೇತರಿಸಿಕೊಂಡರೆ ಅಲ್ಲೇ ಬಿಡಬೇಕಲ್ವಾ. ಜೊತೆಗೆ ನಂಬರ್ ಇರುವ ಒಂದು ಚೀಟಿ ಕೊಡುತ್ತಾರೆ. ಹೋದವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ವಾರ ಬಿಟ್ಟು ಫೋನ್ ಮಾಡಿ "ನಮ್ಮ ಬೆಳವ ಹೇಗಿದೆ?" ಅಂದರೆ, "ಯಾವ ಬೆಳವ? ಇಲ್ಲಿ ಒಂಬತ್ತಿವೆ" ಅಂದರು. ಚೀಟಿ ನಾನು ಕಳೆದುಕೊಂಡಿದ್ದೆ.