ಸಪ್ತಾಪುರದ ರೀಡಿಂಗ್ ರೂಮು: 900 ರೂಪಾಯಿಗೆ ಸಿಗುವುದು, ಸಿಗದಿರುವುದು

ಧಾರವಾಡಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವವರು ಯಾವ ಕೋಚಿಂಗ್ ಚಲೋ ಎಂದು ಹತ್ತು ಮಂದಿಯನ್ನು ಕೇಳುತ್ತಾರೆ. ರೀಡಿಂಗ್ ರೂಮಿನ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ, ಪಿಜಿಗೆ ಹತ್ತಿರ ಇದ್ದದ್ದಕ್ಕೆ ಹೋಗಿ ದುಡ್ಡು ಕಟ್ಟಿಬಿಡುತ್ತಾರೆ. ಕೋಚಿಂಗ್‌ನಲ್ಲಿ ಕೂಡ್ರುವುದು ದಿನಕ್ಕೆ ಎರಡು-ಮೂರು ತಾಸು, ಉಳಿದ ಹೊತ್ತೆಲ್ಲ ಕಳೆಯುವುದು ಇಲ್ಲೇ. ಅದಕ್ಕೇ ಈ ಬರಹ. ರೂಮಿನ ಹೆಸರು ಹಾಕುವುದಿಲ್ಲ. ನಾನಿನ್ನೂ ಅಲ್ಲೇ ಕೂಡ್ರಬೇಕು. ಮೇಲಾಗಿ ಸಪ್ತಾಪುರದ ಓಣಿಗಳಲ್ಲಿರುವ ಬಹಳಷ್ಟು ರೂಮುಗಳು ಇದೇ ಅಚ್ಚಿನವು.

ಮೊದಲು ಲೆಕ್ಕ. ಕಾಯಂ ಸೀಟಿಗೆ ತಿಂಗಳಿಗೆ 900 ರೂಪಾಯಿ, ಖಾಲಿ ಇದ್ದಲ್ಲಿ ಕೂಡ್ರುವವರಿಗೆ 600. ಲಾಕರ್ ಕೀಲಿಗೆ 300 ಡಿಪಾಜಿಟ್. ಎರಡನೇ ಮಹಡಿಯ ಉದ್ದನೆಯ ಹಾಲ್‌ಗೆ ಪ್ಲೈವುಡ್ ಅಡ್ಡ ಹಾಕಿ ಖಾನೆ ಮಾಡಿದ್ದಾರೆ. ಒಂದು ಖಾನೆಯಲ್ಲಿ ಎರಡು ಪುಸ್ತಕ ಬಿಚ್ಚಿಟ್ಟರೆ ತುಂಬಿಹೋಗುವ ಮೇಜು, ಒಂದು ಎಲ್‌ಇಡಿ ಪಟ್ಟಿ, ಒಂದು ಪ್ಲಗ್, ಬ್ಯಾಗು ತೂಗುಹಾಕಲು ಒಂದು ಮೊಳೆ. ಕುರ್ಚಿ ಪ್ಲಾಸ್ಟಿಕ್ಕಿನದು, ದಿಂಬು ನಾವೇ ತರಬೇಕು. ನನ್ನ ಖಾನೆಯ ಪ್ಲೈವುಡ್ ಮೇಲೆ ಹಿಂದೆ ಕೂತಿದ್ದವರ ಬರಹ ಹಾಗೇ ಇದೆ: ಸಂವಿಧಾನದ ಹನ್ನೆರಡೂ ಅನುಸೂಚಿಗಳು ಪೆನ್ಸಿಲ್‌ನಲ್ಲಿ, ಏಳನೆಯದರ ಸುತ್ತ ಎರಡು ಸುತ್ತು ಗೆರೆ. ಅದರ ಕೆಳಗೆ ಬೇರೆ ಕೈಬರಹದಲ್ಲಿ ನೌಕರಿಗಳ ಹೆಸರು: ‘ಪಿಎಸ್‌ಐ’ ಎಂದು ಬರೆದು ಹೊಡೆದಿದ್ದಾರೆ, ‘ಪಿಡಿಒ’ ಎಂದು ಬರೆದು ಹೊಡೆದಿದ್ದಾರೆ, ಕೊನೆಗೆ ‘ಏನಾರ ಒಂದ್ ಆಗ್ಲಿ’. ಅದನ್ನು ಹೊಡೆದಿಲ್ಲ.

ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ದೀಪ ಇರುತ್ತವೆ, ಫ್ಯಾನ್ ನಿಲ್ಲುತ್ತವೆ. ಧಾರವಾಡದ ಹವಾಕ್ಕೆ ಅದು ದೊಡ್ಡ ತೊಂದರೆಯಲ್ಲ, ಏಪ್ರಿಲ್ ಒಂದು ಬಿಟ್ಟು. ಕುಡಿಯುವ ನೀರು ಚೆನ್ನಾಗಿದೆ. ಪತ್ರಿಕೆ ನಾಲ್ಕು ಬರುತ್ತವೆ, ಉದ್ಯೋಗದ ಪುಟ ಮಾತ್ರ ಹತ್ತು ಗಂಟೆಯೊಳಗೆ ಮಾಯ. ಫೋನ್ ಗುಂಯ್‌ ಅಂದರೆ 20 ರೂಪಾಯಿ ದಂಡ, ಡಬ್ಬಿಗೆ ಹಾಕಬೇಕು. ಯಾರಿಗಾದರೂ ನೌಕರಿ ಆದ ದಿನ ಆ ದುಡ್ಡಿನಲ್ಲಿ ಪೇಢೆ ತರಿಸುತ್ತಾರೆ. ಶಿಸ್ತಿನ ವಿಷಯದಲ್ಲಿ ಐದಕ್ಕೆ ಐದು.

‘ಒಂದು ಮೇಜು-ಕುರ್ಚಿಗೆ ಒಂಬೈನೂರೇನವಾ?’ ಎಂದು ಅಪ್ಪ ಕೇಳಿದ್ದ. ಅಪ್ಪನ ಪ್ರಶ್ನೆ ತಪ್ಪಲ್ಲ. ನಮ್ಮದು ನವಲಗುಂದ ಕಡೆಯ ಹಳ್ಳಿ, ಮಣ್ಣಿನ ಮಾಳಿಗೆ ಮನೆ. ಪಡಸಾಲೆಯಲ್ಲೇ ಟಿವಿ, ಕಡಲೆ ಚೀಲ, ಆಯಿಯ ಹಾಸಿಗೆ. ಓದಬೇಡ ಎಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ‘ಓದವಾ, ಓದು’ ಎನ್ನುತ್ತಲೇ ‘ನಳಾ ಬಂತು, ಎರಡು ಕೊಡ ತುಂಬು’, ‘ಮಂದಿ ಬಂದಾರ, ಚಾ ಇಡು’. ಬಾಗಿಲು ಮುಚ್ಚಿಕೊಂಡು ಕೂತರೆ ‘ಯಾಕವಾ, ಆರಾಮಿಲ್ಲೇನು?’ ಎಂದು ಕೇಳುತ್ತಾರೆ. ಈ ರೂಮಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ನಾನು ತಿಂಗಳಿಗೆ 900 ಕೊಡುತ್ತಿರುವುದು ಅದಕ್ಕೆ. ಕೆಲವರಿಗೆ ಇದು ಹುಟ್ಟಿದ ಮನೆಯಲ್ಲೇ ಪುಕ್ಕಟೆ ಸಿಕ್ಕಿರುತ್ತದೆ: ಒಂದು ಮೇಜು, ಒಂದು ಬಾಗಿಲು, ಮುಚ್ಚಿದ ಬಾಗಿಲು ಕಂಡರೆ ಸುಮ್ಮನೆ ಹೋಗುವ ಮಂದಿ. ನಮ್ಮಂಥವರಿಗೆ ಇದನ್ನು ತಿಂಗಳ ಬಾಡಿಗೆಗೆ ಕೊಡುತ್ತಿದ್ದಾರಲ್ಲ, ಅಷ್ಟಕ್ಕೆ ಆ ಮಾಲಕರಿಗೆ ನನ್ನ ನಮಸ್ಕಾರ.

ಬಾಡಿಗೆಗೆ ಸಿಗದ್ದು ಏನೆಂದು ಪಕ್ಕದ ಖಾನೆ ನೋಡಿದರೆ ತಿಳಿಯುತ್ತದೆ. ಅಲ್ಲಿ ಕೂಡ್ರುವ ಹುಡುಗಿ ಧಾರವಾಡದವಳೇ, ಅಪ್ಪ-ಅಮ್ಮ ಇಬ್ಬರೂ ಶಿಕ್ಷಕರು. ನನಗಿಂತ ಐದು ವರ್ಷ ಚಿಕ್ಕವಳು, ‘ಅಕ್ಕಾ’ ಎಂದೇ ಕರೆಯುತ್ತಾಳೆ. ಆಕೆ ಕಷ್ಟಪಡುವುದಿಲ್ಲ ಎಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಬೆಳಗ್ಗೆ ಶಟರ್ ಎತ್ತುವಾಗ ಆಕೆ ಮೆಟ್ಟಿಲ ಮೇಲೆ ಇರುತ್ತಾಳೆ. ಇಬ್ಬರೂ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಓದುತ್ತಿದ್ದೇವೆ, ಇಬ್ಬರದೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿದೆ. ಭಾಷಾ ಸಾಮರ್ಥ್ಯದ ಪತ್ರಿಕೆಗೆ ಇಬ್ಬರೂ ಪ್ರಬಂಧ ಬರೆದು ಅಭ್ಯಾಸ ಮಾಡುತ್ತೇವೆ. ಆಕೆಯ ಪ್ರಬಂಧ ರಾತ್ರಿ ಊಟದ ಹೊತ್ತಿಗೆ ಅಪ್ಪನ ಕೈಗೆ ಹೋಗಿ, ಬೆಳಗ್ಗೆ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಬರುತ್ತದೆ: ‘ಪೀಠಿಕೆ ಉದ್ದವಾಯಿತು’, ‘ಇಲ್ಲಿ ಒಂದು ಉದಾಹರಣೆ ಕೊಡು’. ನನ್ನದು ನೋಟ್‌ಬುಕ್ಕಿನಲ್ಲಿ ಹಾಗೇ ಇರುತ್ತದೆ. ಈಗೀಗ ಆಕೆ ನನ್ನದನ್ನೂ ಒಯ್ಯುತ್ತಾಳೆ. ಅವರ ಅಪ್ಪ ನನಗೂ ಕೆಂಪು ಶಾಯಿ ಖರ್ಚು ಮಾಡುತ್ತಿದ್ದಾರೆ, ಅವರಿಗೂ ನಮಸ್ಕಾರ.

ಬಿ.ಇಡಿ. ಓದುವಾಗ 1966ರ ಕೋಲ್ಮನ್ ವರದಿ ಎಂದು ಒಂದು ಟಿಪ್ಪಣಿ ಬಾಯಿಪಾಠ ಮಾಡಿದ್ದೆ. ಅಮೆರಿಕದ ಸಾವಿರಾರು ಶಾಲೆಗಳನ್ನು ಅಳೆದು ನೋಡಿ, ಮಕ್ಕಳ ಕಲಿಕೆಯಲ್ಲಿ ಕಾಣುವ ಅಂತರಕ್ಕೆ ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಎಂದ ವರದಿ. ಕಟ್ಟಡ, ಸಲಕರಣೆ ಈಗ ನಮ್ಮಿಬ್ಬರಿಗೂ ಒಂದೇ: ಅದೇ ಪ್ಲೈವುಡ್, ಅದೇ ಮೊಳೆ. ಮನೆ ಮಾತ್ರ ಬೇರೆ.

ಇನ್ನು ನನ್ನ ತಾಸುಗಳು ಎಲ್ಲಿ ಹೋಗುತ್ತವೆ ಎಂದು ಹೇಳುತ್ತೇನೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ ಪ್ರಮಾಣಪತ್ರ ಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಇನ್ನೊಂದು. ನಮ್ಮೂರಲ್ಲಿ ಏಳರವರೆಗೆ ಶಾಲೆ, ಹೈಸ್ಕೂಲು ಪಕ್ಕದೂರಲ್ಲಿ. ಹಾಗಾಗಿ ಇಬ್ಬರು ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು, ಜಾತಿ-ಆದಾಯಕ್ಕೆ ನಾಡಕಚೇರಿ. ಒಬ್ಬರು ತರಬೇತಿಗೆ ಹೋಗಿರುತ್ತಾರೆ, ಇನ್ನೊಬ್ಬರು ಚುನಾವಣೆ ಕೆಲಸಕ್ಕೆ. ಹಳ್ಳಿಯಲ್ಲಿ ಓದಿದವಳೆಂದು ಸರ್ಕಾರ ಕೊಡುವ ಸವಲತ್ತು ಹಿಡಿಯಲು ಹಳ್ಳಿಗೇ ಓಡಾಡಿ ಓದುವ ದಿನ ಕಳೆಯಬೇಕು! ಪಕ್ಕದವಳಿಗೆ ಇವು ಬೇಕಿಲ್ಲ. ಬೇಕಾಗಿದ್ದರೂ ಅವರ ಅಪ್ಪನ ಒಂದು ಫೋನಿಗೆ ಯಾರು ಯಾವಾಗ ಸಿಗುತ್ತಾರೆ ಎಂಬುದಾದರೂ ಗೊತ್ತಾಗುತ್ತಿತ್ತು. ನನಗೆ ಮದುವೆಯಾಗಿಲ್ಲ, ಆದವರ ಪಾಡು ಇನ್ನೂ ಬೇರೆ. 2022ರ 15,000 ಶಿಕ್ಷಕರ ನೇಮಕಾತಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪತ್ರ ತಂದೆಯದಿರಬೇಕೋ ಗಂಡನದಿರಬೇಕೋ ಎಂಬ ವ್ಯಾಜ್ಯ ಹೈಕೋರ್ಟಿಗೇ ಹೋಯಿತು, ಆಯ್ಕೆಯಾದವರೂ ತಿಂಗಳುಗಟ್ಟಲೆ ಕಾದರು. ಕುಟುಂಬದ ಹಿನ್ನೆಲೆ ಎನ್ನುತ್ತಾರಲ್ಲ, ಹೆಣ್ಣುಮಕ್ಕಳಿಗೆ ಯಾವ ಕುಟುಂಬ ಎನ್ನುವುದನ್ನೂ ಕೋರ್ಟೇ ಹೇಳಬೇಕಾಯಿತು.

ನಮ್ಮೂರು ಮಲಪ್ರಭಾ ಕಾಲುವೆಯ ಕೊನೆಯ ತುದಿಯದು. ಡ್ಯಾಮಿನಿಂದ ಬಿಡುವಾಗ ನೀರು ಎಲ್ಲರಿಗೂ ಅಂತಲೇ ಬಿಡುತ್ತಾರೆ. ಮೇಲಿನವರ ಹೊಲ ದಾಟಿ, ಒಡೆದ ತೂಬು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕಾಲುವೆಯ ತಳ ಹಸಿಯಾಗಿರುತ್ತದೆ, ಅಷ್ಟೇ. 1980ರಲ್ಲಿ ನರಗುಂದ-ನವಲಗುಂದದ ರೈತರು ಬಂಡೆದ್ದದ್ದು ಹೀಗೆ ಬಾರದ ನೀರಿಗೂ ಕರ ಕೇಳಿದ್ದಕ್ಕೆ. ನನ್ನ ಪ್ರಯತ್ನದ್ದೂ ಅದೇ ಕತೆ. ಬಿಡುವಾಗ ಪಕ್ಕದವಳಷ್ಟೇ ಬಿಡುತ್ತೇನೆ, ಪುಸ್ತಕಕ್ಕೆ ಮುಟ್ಟುವುದು ಅರ್ಧ. ಪ್ರಯತ್ನ ದೊಡ್ಡದೋ ಮನೆತನ ದೊಡ್ಡದೋ ಎಂದು ಚರ್ಚಾಸ್ಪರ್ಧೆಯಲ್ಲಿ ಕೂಗಾಡುವವರು ಈ ಸೋರಿಕೆಯ ಲೆಕ್ಕ ಹಾಕುವುದಿಲ್ಲ.

ಮಾಲಕರೂ ಹಾಕಿಲ್ಲ. ಗೋಡೆಯ ತುಂಬ ಸ್ಫೂರ್ತಿಯ ಪೋಸ್ಟರ್. ನಡುವೆ ಬೀದಿದೀಪದ ಕೆಳಗೆ ಓದುತ್ತಿರುವ ಬಾಲಕ, ಪಕ್ಕದಲ್ಲಿ ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯ. ವಿಶ್ವೇಶ್ವರಯ್ಯನವರ ಪರಿಶ್ರಮದ ಬಗ್ಗೆ ಎರಡು ಮಾತಿಲ್ಲ. ತಂದೆಯನ್ನು ಚಿಕ್ಕ ವಯಸ್ಸಿಗೇ ಕಳೆದುಕೊಂಡರು, ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಆದರೆ ಆ ತಂದೆ ಸಂಸ್ಕೃತ ವಿದ್ವಾಂಸರು. ಬೆಂಗಳೂರಲ್ಲಿ ಸೋದರಮಾವನ ಆಸರೆ ಇತ್ತು. ಪುಣೆಗೆ ಎಂಜಿನಿಯರಿಂಗ್ ಓದಲು ಹೋದಾಗ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಇತ್ತು. ಪೋಸ್ಟರ್‌ನಲ್ಲಿ ದೀಪ ಇದೆ, ಸೋದರಮಾವನೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರಾನ್ನ ಉಂಡು ಓದಿದ ಹಿಂದಿನ ಕಾಲದ ಹುಡುಗರ ಕತೆಯಲ್ಲೂ ಹುಡುಗನ ಹೆಸರು ಉಳಿಯುತ್ತದೆ, ಬಡಿಸಿದ ಏಳು ಮನೆಯವರದು ಉಳಿಯುವುದಿಲ್ಲ. ಇದೇ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಬೆಳೆದವರು ಎಷ್ಟು ಮಂದಿ! ಮಾಲಕರೇ, ಬೀದಿದೀಪದ ಪಕ್ಕ ಒಂದು ಊಟದ ಪಂಕ್ತಿಯ ಚಿತ್ರವನ್ನೂ ಅಂಟಿಸಿ.

ಈಗ ದೂರು. ಹುಡುಗರ ವಿಭಾಗ ಇಪ್ಪತ್ನಾಲ್ಕು ತಾಸು ತೆರೆದಿರುತ್ತದೆ. ನಮ್ಮದು ಬೆಳಗ್ಗೆ ಆರಕ್ಕೆ ತೆರೆದು ರಾತ್ರಿ ಎಂಟೂವರೆಗೆ ಬಂದ್. ಫೀಸು ಒಂದೇ. ಕೇಳಿದರೆ, ‘ಅಕ್ಕಾರ, ನಿಮ್ಮ ಕಾಳಜಿಗೇ ಮಾಡೇವ್ರಿ. ನಾಳೆ ಏನಾರ ಆದ್ರ ನಿಮ್ಮ ಮನಿಯವರು ನನ್ನ ಕೇಳ್ತಾರ’ ಎನ್ನುತ್ತಾರೆ. ‘ಕಾಳಜಿ ಇರ್ಲಿ ಕಾಕಾ, ಹಂಗಾದ್ರ ಫೀಸಿನಾಗೂ ಸ್ವಲ್ಪ ಕಾಳಜಿ ಮಾಡ್ರಿ’ ಎಂದೆ. ನಕ್ಕರು. ನಗುವಿಗೆ ರಿಯಾಯಿತಿ ಸಿಗಲಿಲ್ಲ. ಹೆಣ್ಣುಮಕ್ಕಳ ಶೌಚಾಲಯ ಒಂದೇ, ಅದೂ ಕೆಳಗಿನ ಮಹಡಿಯಲ್ಲಿ; ಮಧ್ಯಾಹ್ನ ಸಾಲು ಹಚ್ಚಬೇಕು.

ಎರಡನೇ ದೂರು ಇನ್ನೂ ದೊಡ್ಡದು. ತಿಂಗಳು ಬಿಟ್ಟು ಬಂದರೆ ಸೀಟು ಹೋಗುತ್ತದೆ. ಹೆಸರು ಬೆಳೆ ಬಿಡಿಸುವ ಹೊತ್ತಿಗೆ ಕೂಲಿಯವರು ಸಿಗುವುದಿಲ್ಲ, ಊರಿಗೆ ಹೋಗಲೇಬೇಕು. ಆ ತಿಂಗಳೂ 900 ತುಂಬಿ ಸೀಟು ಉಳಿಸಿಕೊಳ್ಳಬೇಕು, ಇಲ್ಲವೇ ಬಂದ ಮೇಲೆ ಯಾರಿಗೂ ಬೇಡವಾದ ಖಾನೆ. ಅರ್ಧ ದುಡ್ಡಿಗೆ ಸೀಟು ಹಿಡಿದಿಡುವ ಪದ್ಧತಿ ಮಾಡಿದರೆ ಹಳ್ಳಿಯಿಂದ ಬಂದವರಿಗೆಲ್ಲ ಉಪಕಾರವಾಗುತ್ತದೆ. ಪರೀಕ್ಷೆಗಳು ಹೇಳಿದ ಹೊತ್ತಿಗೆ ನಡೆಯುವುದೂ ಇಲ್ಲವಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು ರದ್ದಾಗಿ, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ ರೂಮಿನ ಫೀಸು, ಪಿಜಿ ಬಾಡಿಗೆ, ಖಾನಾವಳಿ ತಿಂಗಳ ಲೆಕ್ಕ ನಿಲ್ಲುವುದಿಲ್ಲ. ಓದುವುದು ನಮ್ಮ ಕೈಯಲ್ಲಿದೆ, ಕಾಯುವುದು ಮನೆಯವರ ಕೈಯಲ್ಲಿ. ಎರಡೂಕಾಲು ವರ್ಷ ಕಾಯಿಸುವ ಪರೀಕ್ಷೆ ಯಾರನ್ನು ಆರಿಸುತ್ತದೆ ಎಂದು ನೀವೇ ಯೋಚಿಸಿ.

ನಾನು ಕಾಯುತ್ತಿರುವುದು ತಮ್ಮನ ದುಡ್ಡಿನ ಮೇಲೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ನನಗಿಂತ ಹೆಚ್ಚು ಅಂಕ ತೆಗೆದವನು, ಅಲ್ಲಿಗೇ ಬಿಟ್ಟು ಹುಬ್ಬಳ್ಳಿ ಎಪಿಎಂಸಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅತಿಥಿ ಶಿಕ್ಷಕಿಯ ಕೆಲಸ ಬಿಟ್ಟು ಬರುತ್ತೇನೆ ಎಂದಾಗ ‘ನೀ ಹೋಗಕ್ಕಾ, ನಾ ಅದೇನಿ’ ಎಂದ. ಪ್ರತಿ ತಿಂಗಳು ಒಂದನೇ ತಾರೀಖು ಫೋನ್‌ಪೇ ಸದ್ದಾಗುತ್ತದೆ. ಅವ್ವನಿಂದ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬುತ್ತಿ. ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ. ಚೀಲದ ಮೇಲೆ ನನ್ನ ಹೆಸರು ತಮ್ಮನ ಕೈಬರಹದಲ್ಲಿ, ಅವ್ವನಿಗೆ ಬರೆಯಲು ಬರುವುದಿಲ್ಲ. ಡ್ರೈವರ್ ಪಕ್ಕದಲ್ಲಿ ಇಟ್ಟಿರುತ್ತಾರೆ, ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳಬೇಕು. ಹಾಗಾಗಿ ಯಾರಾದರೂ ‘ಹಿಂದಿಲ್ಲ ಮುಂದಿಲ್ಲ, ಸ್ವಂತ ಶ್ರಮದಿಂದ ಬಂದವಳು’ ಎಂದು ನನ್ನ ಫ್ಲೆಕ್ಸ್ ಹಾಕಿದರೆ ಆ ಸಾಲು ಅಳಿಸಿಸುತ್ತೇನೆ. ನನಗೂ ಹಿನ್ನೆಲೆ ಇದೆ, ಅದರ ಹತ್ತಿರ ಕೆಂಪು ಶಾಯಿ ಇಲ್ಲ ಅಷ್ಟೇ. ಅಂದಹಾಗೆ, ಬುತ್ತಿ ಉಣ್ಣಲು ಟೆರೇಸಿನ ಮೇಲೆ ತಗಡಿನ ಶೆಡ್ ಇದೆ. ಜುಲೈ ಜಿಟಿಜಿಟಿ ಮಳೆಯಲ್ಲಿ ಎರಡೂ ಕಡೆಯಿಂದ ಎರಚಲು ಹೊಡೆಯುತ್ತದೆ, ಆಗ ಮೆಟ್ಟಿಲ ಮೇಲೆ ಕೂತು ಉಣ್ಣಬೇಕು.

ಸೇರುವ ಮುಂಚೆ ಬಿಟ್ಟಿ ದಾರಿಗಳನ್ನೂ ನೋಡಿಕೊಳ್ಳಿ. ಇನ್ನೂ ಕಾಲೇಜು ಓದುತ್ತಿರುವವರು ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಅಲ್ಲಿ ಸೀಟು ಸಿಗದಿದ್ದರೆ ಊಟ-ವಸತಿಗೆ ಕೊಡುವ ವಿದ್ಯಾಸಿರಿ ಸಹಾಯಧನ ಕೇಳಿ. ಊರಲ್ಲೇ ಇರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನಮ್ಮೂರಿನದರಲ್ಲಿ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಿವೆ, ಕೂಡ್ರಲು ಜಾಗವೂ ಇದೆ. ಆದರೆ ಅಲ್ಲಿಂದ ಮನೆಗೆ ಕೂಗಳತೆ, ನನ್ನಂಥವರಿಗೆ ಆಗಲಿಕ್ಕಿಲ್ಲ.

ನನ್ನ ರೇಟಿಂಗ್ ಐದಕ್ಕೆ ಮೂರೂವರೆ. ಹೆಣ್ಣುಮಕ್ಕಳಿಗೆ ಹತ್ತು ಗಂಟೆವರೆಗೆ ತೆರೆದರೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಸೇರುವವರು ದುಡ್ಡು ಕಟ್ಟಿದ್ದಕ್ಕೆ ರಸೀದಿ ಕೇಳಿ ಇಸಿದುಕೊಳ್ಳಿ, ಕಿಟಕಿ ಸಾಲು ಮಳೆಗಾಲದಲ್ಲಿ ಬೇಡ. 17ನೇ ಸೀಟಿನ ಪ್ಲಗ್ ಕೆಟ್ಟಿದೆ. ‘ನಾಳೆ ಮಾಡಿಸ್ತೇನ್ರಿ’ ಎನ್ನುತ್ತಾರೆ, ನಂಬಬೇಡಿ.