ಹ್ಯಾವ್‌ಲಾಕ್‌ನ ಕಾಟೇಜು, ಬಜಾರಿನ ಮಹಡಿ ಮನೆ, ನೀಲ್‌ನ ಹೋಮ್‌ಸ್ಟೇ: ಮೂರರಲ್ಲೂ ಉಳಿದು ನೋಡಿದ್ದು

ಅಂಡಮಾನಿಗೆ ಹೊರಟವರೆಲ್ಲ ಕೇಳುವುದು ಒಂದೇ: "ರೂಮು ಬೀಚಿಗೆ ಎಷ್ಟು ಹತ್ತಿರ?" ಬುಕಿಂಗ್ ಆ್ಯಪ್‌ನ ಫೋಟೋಗಳೂ ಅದನ್ನೇ ತೋರಿಸಿ ಮರುಳು ಮಾಡುತ್ತವೆ. ಮೂರು ಬಗೆಯ ಜಾಗಗಳಲ್ಲಿ ಉಳಿದ ಮೇಲೆ ನನ್ನ ಕ್ರಮ ಬದಲಾಗಿದೆ. ಮೊದಲು ಸಮುದ್ರದ ಉಬ್ಬರ-ಇಳಿತದ ಪಟ್ಟಿ, ಆಮೇಲೆ ಅಡುಗೆಮನೆ, ರೂಮಿನ ಫೋಟೋ ಕೊನೆಗೆ. ಹೋಗಿದ್ದವರು ನಾನು, ನಮ್ಮ ಯಜಮಾನರು, ಮಗಳು, ಮಂಡಿನೋವಿನ ಅತ್ತೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ಹಾಗಾಗಿ ಡೈವಿಂಗ್‌ಗೆಂದೇ ಹೋಗುವ ಹುಡುಗರ ಲೆಕ್ಕಾಚಾರ ಇಲ್ಲಿ ಸಿಗುವುದಿಲ್ಲ.

ಹುಡುಕುವಾಗ ಹಳೆ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ. 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಮಾತ್ರ ಹಳೆಯವೇ ಓಡುತ್ತಿವೆ.

ಮೊದಲನೆಯದು ಹ್ಯಾವ್‌ಲಾಕ್‌ನ ವಿಜಯನಗರ ಬೀಚಿನ ಕಾಟೇಜು. ಅಲ್ಲಿನವರಿಗೆ ಅದು ಐದನೇ ನಂಬರ್ ಬೀಚು. ಮರದ ಜಗಲಿ, ಸೊಳ್ಳೆಪರದೆ ಕಟ್ಟಿದ ಮಂಚ, ನಾಲ್ಕು ಹೆಜ್ಜೆ ಇಟ್ಟರೆ ಮರಳು. ಪೂರ್ವಕ್ಕೆ ಮುಖ ಮಾಡಿದ ದಡ. ಡಿಸೆಂಬರಿನಲ್ಲೂ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುವ ಊರು, ಹಾಸಿಗೆಯಲ್ಲಿ ಕೂತೇ ನೋಡಬಹುದು. ಇಲ್ಲಿಯವರೆಗೆ ಫೋಟೋದಲ್ಲಿ ಸುಳ್ಳಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದ ಅತ್ತೆ ಜಗಲಿಯಲ್ಲಿ ನಿಂತು, "ಬೆಳಿಗ್ಗೆ ಇಲ್ಲೇ ಇತ್ತಲ್ಲೇ, ಸಮುದ್ರ ಎಲ್ಲಿಗೆ ಹೋಯ್ತು?" ಅಂದರು. ಇಳಿತದ ಹೊತ್ತು. ನೀರು ಬಹುದೂರ ಸರಿದು, ಅಷ್ಟುದ್ದಕ್ಕೂ ಕಪ್ಪು ಬಂಡೆ, ಸತ್ತ ಹವಳದ ಚೂಪು ತುಂಡುಗಳು, ನಡುನಡುವೆ ಅಂಗೈಯಗಲದ ಗುಂಡಿಗಳಲ್ಲಿ ನಿಂತ ನೀರು. ಮಗಳಿಗಂತೂ ಹಬ್ಬ. ಚಪ್ಪಲಿ ಹಾಕಿಕೊಂಡೇ ಒಂದೊಂದು ಗುಂಡಿಗೂ ಬಗ್ಗಿ ಏಡಿ, ನಕ್ಷತ್ರಮೀನು ಹುಡುಕಿದಳು. ಆದರೆ ಈಜುವ ಆಸೆಯಿಂದ ದುಡ್ಡು ಸುರಿದವರು ಉಬ್ಬರಕ್ಕೆ ಕಾಯಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಪೋರ್ಟ್ ಬ್ಲೇರ್‌ನ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀವು ಹೋಗುವ ದಿನಗಳಲ್ಲಿ ಉಬ್ಬರ ನಡುರಾತ್ರಿಗೂ ನಡುಮಧ್ಯಾಹ್ನಕ್ಕೂ ಬಂದರೆ, ಬೀಚ್ ಎದುರಿನ ಕಾಟೇಜಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಸಿಗುವುದು ಉರಿಬಿಸಿಲಿನ ಸ್ನಾನ.

ಊಟದ ವಿಷಯ ಬೇಗ ಮುಗಿಸುತ್ತೇನೆ. ರೆಸಾರ್ಟಿನ ಮೆನುವಿನಲ್ಲಿ ಸಸ್ಯಾಹಾರ ಅಂದರೆ ಪನೀರ್, ಮೂರು ಹೆಸರಿನಲ್ಲಿ ಒಂದೇ ಗ್ರೇವಿ. ಸ್ನಾನದ ನೀರು ಸ್ವಲ್ಪ ಉಪ್ಪು, ಸೋಪು ನೊರೆ ಬರುವುದಿಲ್ಲ. ಸಂಜೆ ಒದ್ದೆ ಮರಳಿನಲ್ಲಿ ಕೂತರೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣ ಕಚ್ಚುತ್ತದೆ, ತುರಿಕೆ ಮಾರನೇ ದಿನ ಶುರುವಾಗುತ್ತದೆ.

ಎರಡನೆಯದು ಅದೇ ದ್ವೀಪದ ಗೋವಿಂದನಗರ, ಅಂದರೆ ಮೂರನೇ ನಂಬರ್ ಬಜಾರಿನ ಹತ್ತಿರದ ಮಹಡಿ ಮನೆ. ಎರಡು ಕೋಣೆ, ಗ್ಯಾಸ್ ಒಲೆ, ಫ್ರಿಡ್ಜು, ಬಟ್ಟೆ ಒಣಹಾಕಲು ತಾರಸಿ. ಕಾಟೇಜಿನ ಒಂದು ರಾತ್ರಿಯ ದುಡ್ಡಿಗೆ ಇಲ್ಲಿ ಎರಡು ರಾತ್ರಿ ಕಳೆಯಿತು. ಸಮುದ್ರ ಕಾಣುವುದಿಲ್ಲ. ದೋಣಿ ಬರುವ ಹೊತ್ತಿಗೆ ಜೀಪು, ಆಟೋಗಳ ಗದ್ದಲ. ಬೆಳಗಿನ ಜಾವ ನಾಲ್ಕಕ್ಕೇ ಹುಂಜ ಕೂಗುತ್ತದೆ, ಅದನ್ನು ಮಾಲೀಕರು ಜಾಹೀರಾತಿನಲ್ಲಿ ಬರೆದಿರಲಿಲ್ಲ.

ಆದರೂ ಹ್ಯಾವ್‌ಲಾಕ್‌ನಲ್ಲಿ ನನ್ನ ಮತ ಈ ಮನೆಗೇ. ಕಾರಣ ರಾಧಾನಗರ. ಒಳ್ಳೆಯ ಈಜಿನ ಬೀಚು ಅದೇ: ಅಗಲವಾದ ಮರಳು, ಕಾಲಿಗೆ ಬಂಡೆ ತಗಲುವುದಿಲ್ಲ, ಪಶ್ಚಿಮಕ್ಕೆ ಮುಖ. ಅದು ಜೆಟ್ಟಿಯಿಂದ ಸುಮಾರು 12 ಕಿ.ಮೀ. ದೂರ. ಅದರ ಪಕ್ಕದಲ್ಲೇ ಉಳಿಯುವ ರೆಸಾರ್ಟುಗಳು ನಮ್ಮ ಜೇಬಿಗೆ ಎಟುಕುವಂಥವಲ್ಲ. ಹೀಗಾಗಿ ಎಲ್ಲೇ ಉಳಿದರೂ ಸ್ಕೂಟರೋ ಆಟೋನೋ ಹತ್ತಲೇಬೇಕು, ಮತ್ತು ಆ ರಸ್ತೆ ಕವಲೊಡೆಯುವುದು ಈ ಬಜಾರಿನಲ್ಲೇ. ಡಿಸೆಂಬರಿನಲ್ಲಿ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಮೂರಕ್ಕೆ ಹೊರಟರೆ ಸರಿಹೋಗುತ್ತದೆ. ಕತ್ತಲಾದ ಮೇಲೆ ಕಾಡಿನ ನಡುವೆ ಸ್ಕೂಟರ್ ಓಡಿಸುವುದು ನಮ್ಮ ಯಜಮಾನರಿಗೆ ಇಷ್ಟವಾಯಿತು, ನನಗೆ ಆಗಲಿಲ್ಲ.

ಬಜಾರಿನಲ್ಲಿ ಬದನೆ, ಕುಂಬಳ, ಬಸಳೆ, ತೆಂಗಿನಕಾಯಿ ಎಲ್ಲ ಸಿಕ್ಕವು. ಚೀಲದಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಒಂದಿಷ್ಟು ಚಿತ್ರಾನ್ನದ ಗೊಜ್ಜು ಇತ್ತು. ಅತ್ತೆ ಬಸಳೆ ಹುಳಿ ಮಾಡಿಟ್ಟು, ರಾಧಾನಗರಕ್ಕೆ ಬುತ್ತಿ ಕಟ್ಟಿದರು.

ಮೂರನೆಯದು ನೀಲ್. ಸ್ವಾತಂತ್ರ್ಯದ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಈ ದ್ವೀಪಗಳಲ್ಲಿ ಭೂಮಿ ಕೊಟ್ಟು ನೆಲೆ ಮಾಡಿಸಿತು. ನೀಲ್‌ನ ಊರುಗಳ ಹೆಸರು ನೋಡಿ: ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಇಡೀ ಅಂಡಮಾನಿಗೆ ತರಕಾರಿ ಬೆಳೆಯುವ ದ್ವೀಪ ಅಂತಲೇ ಇದಕ್ಕೆ ಹೆಸರು. ನಮ್ಮ ಹೋಮ್‌ಸ್ಟೇ ಅಡಿಕೆ, ಬಾಳೆ ತೋಟದ ನಡುವೆ, ಮನೆಯ ಹಿಂದೆ ಹಾಗಲದ ಚಪ್ಪರ.

ಮನೆಯೊಡತಿ ದೀದಿ ಅತ್ತೆಯನ್ನು ಮೊದಲ ದಿನದಿಂದಲೇ "ಮಾಶಿಮಾ" ಅಂತ ಕರೆದರು. ಮೀನಿನ ಪಾತ್ರೆ ಬೇರೆ, ಇವರ ಪಾತ್ರೆ ಬೇರೆ ಅಂತ ತೋರಿಸಿ, ಗಸಗಸೆ ಅರೆದು ಹಾಕಿದ ಆಲೂ ಪೋಸ್ತೊ, ಬದನೆಯ ಹುರಿದ ಹೋಳು, ತೆಳ್ಳಗಿನ ಮಸೂರ್ ಬೇಳೆ ಬಡಿಸಿದರು. ಅತ್ತೆಗೆ ಬಂಗಾಳಿ ಬಾರದು, ದೀದಿಗೆ ಕನ್ನಡ ಬಾರದು. ಹಾಗಲದ ಚಪ್ಪರದ ಕೆಳಗೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು!

ದ್ವೀಪ ಚಿಕ್ಕದು, ಲಕ್ಷ್ಮಣಪುರದ ಸೂರ್ಯಾಸ್ತದಿಂದ ಸೀತಾಪುರದ ಸೂರ್ಯೋದಯಕ್ಕೆ ಸೈಕಲ್ಲೇ ಸಾಕು. ಇಲ್ಲೂ ಉಬ್ಬರ-ಇಳಿತದ ಪಟ್ಟಿ ಬೇಕು, ಆದರೆ ಉಲ್ಟಾ. ಕಲ್ಲಿನ ನೈಸರ್ಗಿಕ ಸೇತುವೆಯ ಹತ್ತಿರ ಹೋಗಲು ಇಳಿತವೇ ಆಗಬೇಕು, ಜಾರುವ ಬಂಡೆಗಳ ಮೇಲೆ ನಡೆಯಬೇಕು. ಮಂಡಿನೋವಿನವರನ್ನು ಕರೆದೊಯ್ಯಬೇಡಿ. ಅತ್ತೆ ಜೆಟ್ಟಿಯ ಪಕ್ಕದ ಭರತಪುರ ಬೀಚಿನಲ್ಲಿ ಮೊಣಕಾಲುದ್ದದ ನೀರಲ್ಲಿ ನಿಂತರು, ಅವರಿಗೆ ಅಷ್ಟು ಸಾಕಾಯಿತು.

ಕೊರತೆ ಇಲ್ಲವೆಂದಲ್ಲ. ಕರೆಂಟು ಆಗಾಗ ಹೋಗುತ್ತಿತ್ತು, ಬಿಸಿನೀರು ಬಕೆಟ್ಟಿನಲ್ಲಿ ಬರುತ್ತಿತ್ತು, ರಾತ್ರಿ ಎಂಟರ ಮೇಲೆ ಊರು ಮಲಗುತ್ತಿತ್ತು. ಯುಪಿಐ ಸಿಗ್ನಲ್ಲಿಗೆ ಕಾಯುತ್ತಾ ನಿಂತಾಗ ಕೈಯಲ್ಲಿದ್ದ ನಗದೇ ಗತಿ. ಮದುವೆಯಾದ ಹೊಸದರಲ್ಲಿ ಹೋಗುವ ಜೋಡಿಗೆ ದೀದಿಯ ಮನೆ ಹಿಡಿಸಲಾರದು, ಅವರು ಪಟ್ಟಿ ನೋಡಿಕೊಂಡು ಐದನೇ ನಂಬರಿನ ಕಾಟೇಜೇ ಹಿಡಿಯಲಿ. ಮಕ್ಕಳು, ಹಿರಿಯರು ಇದ್ದರೆ ಹ್ಯಾವ್‌ಲಾಕ್‌ಗೆ ಕಡಿಮೆ ರಾತ್ರಿ, ನೀಲ್‌ಗೆ ಹೆಚ್ಚು ಅನ್ನುವುದು ನನ್ನ ಸಲಹೆ. ಪ್ಯಾಕೇಜಿನವರು ಮಾಡುವುದು ಇದರ ಉಲ್ಟಾ, ನೀಲ್ ಅನ್ನು ಒಂದು ರಾತ್ರಿಯಲ್ಲಿ ಮುಗಿಸಿಬಿಡುತ್ತಾರೆ.

ಯಾವುದನ್ನೇ ಹಿಡಿದರೂ ದೋಣಿಯ ಟಿಕೆಟ್ ಖಚಿತವಾಗುವ ತನಕ ವಾಪಸ್ ಬರದ ದುಡ್ಡು ಕಟ್ಟಬೇಡಿ. ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ದೋಣಿ ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿಯವು ಹ್ಯಾಡೋದಿಂದ, ಆಟೋದವರಿಗೆ ಸರಿಯಾಗಿ ಹೇಳಿ. ಹವಾಮಾನ ಕೆಟ್ಟರೆ ದೋಣಿ ನಿಲ್ಲುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಅದಕ್ಕೇ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಆ ರೂಮಿನಿಂದ ಸಮುದ್ರ ಕಾಣಬೇಕಿಲ್ಲ, ಏರ್‌ಪೋರ್ಟಿಗೆ ಬೇಗ ಆಟೋ ಸಿಕ್ಕರೆ ಸಾಕು.