ಕ್ಲಿಪ್ ಹಲ್ಲಿಗೆ ವಾಟರ್ ಫ್ಲಾಸರ್: 18 ತಿಂಗಳು ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಮೊದಲ ತಿಂಗಳಲ್ಲೇ ಬರೆದಿದ್ದರೆ ಐದೂ ಕೊಟ್ಟುಬಿಡುತ್ತಿದ್ದೆ.

ಮೂವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವನು ನಾನು. ಮೊದಲ ದಿನ ಜಯನಗರದಲ್ಲಿ ಮಸಾಲೆ ದೋಸೆ ತಿಂದು ಕನ್ನಡಿ ನೋಡಿದರೆ ಅರ್ಧ ದೋಸೆ ತಂತಿಯಲ್ಲೇ ಇತ್ತು. ರಾತ್ರಿಯೇ ಈ ವಾಟರ್ ಫ್ಲಾಸರ್, ಅಂದರೆ ಹಲ್ಲಿನ ಸಂದಿಗೆ ನೀರಿನ ಸಣ್ಣ ಧಾರೆ ಹೊಡೆಯುವ ಯಂತ್ರ, ಆರ್ಡರ್ ಮಾಡಿದೆ. ಚಾರ್ಜ್ ಮಾಡುವ ಥರದ್ದು, 300 ಎಂಎಲ್ ಟ್ಯಾಂಕ್, ಮೂರು ಸ್ಪೀಡ್.

ತಂತಿಗೆ ಸುತ್ತಿಕೊಂಡ ದಂಟಿನ ಸೊಪ್ಪಿನ ನಾರು, ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಗುಂಡಿ) ಸಂದಿಗೆ ಸೇರಿದ ಚಟ್ನಿಯ ತೆಂಗಿನ ಚೂರು, ಎಲ್ಲ ಸಿಂಕ್‌ಗೆ ಬೀಳುತ್ತದೆ. ನೋಡುವುದೇ ಒಂದು ಖುಷಿ. ಕೆಟ್ಟಿದ್ದೂ ಆ ಖುಷಿಯಿಂದಲೇ. ಇಷ್ಟು ಕ್ಲೀನ್ ಆಯ್ತಲ್ಲ ಅಂತ ರಾತ್ರಿ ಬ್ರಷ್ ಮಾಡುವುದನ್ನು ಅರ್ಧ ನಿಮಿಷಕ್ಕೆ ಇಳಿಸಿದೆ.

ಐದನೇ ತಿಂಗಳು ವೈರ್ ಟೈಟ್ ಮಾಡಿಸಲು ಹೋದಾಗ ಡಾಕ್ಟರ್ ನನ್ನ ಕೋರೆಹಲ್ಲಿಗೆ ಗಾಳಿ ಬಿಟ್ಟು ಒಣಗಿಸಿ, ಕೈಗೆ ಕನ್ನಡಿ ಕೊಟ್ಟರು. ಬ್ರಾಕೆಟ್‌ಗೂ ಒಸಡಿಗೂ ನಡುವೆ, ಸುಣ್ಣದ ನೀರು ಆರಿದ ಹಾಗೆ ಒಂದು ಬಿಳಿ ಗೆರೆ. "ಹುಳುಕು ಶುರುವಾಗೋದೇ ಹೀಗೆ. ಸದ್ಯ ತೂತು ಬಿದ್ದಿಲ್ಲ," ಅಂದರು. ಆಮೇಲೆ ಕೊಳೆ ಉಳಿದ ಕಡೆ ಬಣ್ಣ ಹಿಡಿಸುವ ಮಾತ್ರೆ ಅಗಿಸಿದರು. ಬೆಳಿಗ್ಗೆ ತಾನೇ ಫ್ಲಾಸರ್ ಹಿಡಿದಿದ್ದೆ, ಆದರೂ ಒಂದೊಂದು ಬ್ರಾಕೆಟ್ ಸುತ್ತಲೂ ಗುಲಾಬಿ ಬಣ್ಣ! ನೀರು ಚೂರುಗಳನ್ನು ತಳ್ಳುತ್ತದೆ, ನಿಜ. ಆದರೆ ಹಲ್ಲಿಗೆ ಅಂಟಿದ ಲೋಳೆ ಪದರ, ಅದೇ ಪ್ಲಾಕ್, ಉಜ್ಜದೆ ಪೂರ್ತಿ ಹೋಗುವುದಿಲ್ಲ. ಅದರೊಳಗಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಕರಗುತ್ತದೆ. ಬಿಳಿ ಗೆರೆ ಮೂಡಲು ಒಂದು ತಿಂಗಳ ಸೋಮಾರಿತನ ಸಾಕಂತೆ.

ಈಗ ನಿಜವಾದ ಕೆಲಸ ಮಾಡುತ್ತಿರುವುದು ಇಂಟರ್‌ಡೆಂಟಲ್ ಬ್ರಷ್. ಬಾಟಲಿ ತೊಳೆಯುವ ಬ್ರಷ್‌ನ ಮರಿ ಅನ್ನಬಹುದು. ತಂತಿಯ ಕೆಳಗೆ ತೂರಿಸಿ, ಬ್ರಾಕೆಟ್‌ನ ಎರಡೂ ಪಕ್ಕ ಮೇಲೆ ಕೆಳಗೆ ಆಡಿಸಬೇಕು. ಮೊದಲು ಫ್ಲಾಸರ್, ಆಮೇಲೆ ಈ ಬ್ರಷ್, ಕೊನೆಗೆ ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್. ನನ್ನ ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಭಾಗ) ಅಂತಿದೆ. ಎಷ್ಟೋ ಹರ್ಬಲ್ ಪೇಸ್ಟ್‌ಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ನೋಡಿ ತಗೊಳ್ಳಿ. ಉಜ್ಜಿದ ಮೇಲೆ ಉಗುಳಬೇಕು ಅಷ್ಟೇ, ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ.

ಪಾವಗಡದ ದೊಡ್ಡಮ್ಮ ಇದನ್ನು ಕೇಳಿ ಗಾಬರಿಯಾದರು. "ಏ, ನಮ್ಮೂರಲ್ಲಿ ಫ್ಲೋರೈಡ್ ನೀರು ಕುಡಿದೇ ಕಣೋ ಹಲ್ಲೆಲ್ಲ ಕಂದಾಗಿದ್ದು!" ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಚಿಕ್ಕಂದಿನಿಂದ ವರ್ಷಗಟ್ಟಲೆ ಹೊಟ್ಟೆಗೆ ಹೋಗಿದ್ದು. ಇದು ಹಲ್ಲಿಗೆ ಹಚ್ಚಿ ಉಗುಳುವುದು.

ಬಿಡಲು ಕಷ್ಟವಾಗಿದ್ದು ಬೈ ಟೂ ಕಾಫಿ. ಅರ್ಧ ಲೋಟ ತಾನೇ ಅಂತ ಆಫೀಸಿನಲ್ಲಿ ದಿನಕ್ಕೆ ಐದು ಸಲ ಆಗುತ್ತಿತ್ತು. ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ಹಲ್ಲಿಗೆ ಜಾಸ್ತಿ ಮುಖ್ಯ. ಒಂದೊಂದು ಗುಟುಕಿನ ಸರದಿಗೂ ಆಮ್ಲದ ಹೊಸ ಪಾಳಿ ಶುರು. ಈಗ ತಿಂಡಿ ಜೊತೆ ಒಂದು ಪೂರ್ತಿ ಲೋಟ, ಉಳಿದಿದ್ದು ಸಕ್ಕರೆ ಇಲ್ಲದೆ. ಗೆಳೆಯರು ಬೈ ಟೂಗೆ ಬೇರೆ ಜೋಡಿ ಹುಡುಕಿಕೊಂಡಿದ್ದಾರೆ.

ಇನ್ನು ಯಂತ್ರದ ಬಾಳಿಕೆ. ಉತ್ತರಹಳ್ಳಿಯ ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಎಂಟು ತಿಂಗಳಿಗೆ ನಳಿಕೆಯ ಬಾಯಿಗೆ ಬಿಳಿ ಕರೆ ಕಟ್ಟಿ, ನೀರು ಓರೆಯಾಗಿ ಕನ್ನಡಿಗೆ ಹಾರತೊಡಗಿತು. ವಿನೆಗರ್ ಬೆರೆಸಿದ ನೀರಲ್ಲಿ ನೆನೆಹಾಕಿದ ಮೇಲೆ ಸರಿಹೋಯಿತು. ಈಗ ಕುಡಿಯುವ ಫಿಲ್ಟರ್ ನೀರನ್ನೇ ಹಾಕುತ್ತೇನೆ. ಚಾರ್ಜಿಂಗ್ ಜಾಗದ ರಬ್ಬರ್ ಮುಚ್ಚಳ ಸಡಿಲವಾಗಿದೆ, ಬ್ಯಾಟರಿ ಪರವಾಗಿಲ್ಲ.

ಬಿಳಿ ಗೆರೆ ಮಾಸಿಲ್ಲ, ಬೆಳೆದೂ ಇಲ್ಲ. ಕಂಪನಿಯವರಲ್ಲಿ ಒಂದೇ ಕೋರಿಕೆ: ಡಬ್ಬಿಯೊಳಗೆ ನಾಲಿಗೆ ಉಜ್ಜುವ ನಳಿಕೆ ಇಡುತ್ತೀರಲ್ಲ, ನಾನು ಅದನ್ನು ಒಂದು ಸಲವೂ ಮುಟ್ಟಿಲ್ಲ. ಅದರ ಬದಲು ಕ್ಲಿಪ್‌ನವರ ನಳಿಕೆ ಇನ್ನೊಂದು ಕೊಡಿ.